ಒಂದೂವರೆ ಮಿಲಿಮೀಟರು

ಮೊಟ್ಟೆ ಕೂಡ ಬೇಯದ ಮನೆಯಲ್ಲಿ ಬೆಳೆದವಳು ನಾನು. ಬಂದೂಕು ಕಂಡದ್ದು ನಮ್ಮ ಬಡಾವಣೆ ಕುಷಾಯಿಗೂಡದ ಬ್ಯಾಂಕಿನ ಬಾಗಿಲಲ್ಲಿ, ಅದೂ ಕಾವಲುಗಾರ ಅದಕ್ಕೊರಗಿ ತೂಕಡಿಸುತ್ತಿದ್ದಾಗ. ಅಂಥ ನಾನು ಎರಡು ವರ್ಷ ಅಮೆರಿಕದ ಬೇಟೆಗಾರರಿಗೆ, ಯಾವ ಪ್ರಾಣಿಗೆ ಯಾವ ಅಳತೆಯ ರೈಫಲ್ ಬೇಕೆಂದು ಬುದ್ಧಿ ಹೇಳಿದೆ. ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಇಂಗ್ಲಿಷ್ ಬರೆಯಬಲ್ಲವರಿಗೆ ಯಾವ ಕೆಲಸವನ್ನಾದರೂ ಕೊಡುತ್ತಿದ್ದರು, ನಾವೂ ಯಾವುದನ್ನೂ ಬೇಡ ಅನ್ನುತ್ತಿರಲಿಲ್ಲ.

ಅಮೆರಿಕದ ಬೇಟೆ ಸಾಮಾನಿನ ಅಂಗಡಿಯೊಂದಕ್ಕೆ ಬರುವ ಮೇಲ್‌ಗಳಿಗೆ ಉತ್ತರ ಬರೆಯುವುದು ನಮ್ಮ ಕೆಲಸ. ನನ್ನ ಕಂಪ್ಯೂಟರಿನ ಪಕ್ಕ ಒಂದು ಪಟ್ಟಿ ಅಂಟಿಸಿದ್ದರು. ಎಡಕ್ಕೆ ಪ್ರಾಣಿಗಳು, ಬಲಕ್ಕೆ ಗುಂಡಿನ ಅಳತೆ. ಮೊಲ, ನರಿಗೆ ಇಷ್ಟು. ಸಾಧಾರಣ ಜಿಂಕೆಗೆ ಇಷ್ಟು. ಎಲ್ಕ್ ಎಂಬ, ನಮ್ಮ ಕಡವೆಯನ್ನೂ ಮೀರಿಸುವ ಜಿಂಕೆಗೆ ಇಷ್ಟು. ಗುಂಡು ಸಣ್ಣದಾದರೆ ಭುಜದ ಮೂಳೆಯಲ್ಲೇ ಚೂರಾಗುತ್ತದೆ, ಶ್ವಾಸಕೋಶ ಮುಟ್ಟುವುದಿಲ್ಲ. ಆಗ ಪ್ರಾಣಿ ಬೀಳದೆ ಓಡಿಹೋಗುತ್ತದೆ. ಇದನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ.

ಮನೆಯಲ್ಲಿ ಇದನ್ನು ಕಿವಿಗೊಟ್ಟು ಕೇಳುತ್ತಿದ್ದವರು ಅಪ್ಪ ಒಬ್ಬರೇ. ರಾಯಚೂರಿನ ಕಡೆಯಿಂದ ಬಂದು, ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುತ್ತಾ ಆಯುಷ್ಯ ಕಳೆದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತಿದ್ದರು. ಹಾಗಾಗಿ ಗೆಳೆಯರು ಕಡಿಮೆ. ನಿವೃತ್ತರಾದ ಮೇಲೆ ತಮ್ಮ ವರ್ನಿಯರ್ ಮಾಪಕದಿಂದ ಅಮ್ಮ ಬಡಿದ ರೊಟ್ಟಿಯ ದಪ್ಪ ಅಳೆದು ಬೈಸಿಕೊಂಡಿದ್ದೂ ಉಂಟು.

ಒಮ್ಮೆ ವಯಸ್ಸಾದ ಒಬ್ಬರಿಂದ ಉದ್ದದ ಮೇಲ್ ಬಂತು. ಅವರ ತಂದೆ ಆ ವರ್ಷವೇ ತೀರಿಕೊಂಡಿದ್ದರು. ಬಿಟ್ಟುಹೋದದ್ದು ಒಂದು ರೈಫಲ್, ಪಾಯಿಂಟ್ ಎರಡು ನಾಲ್ಕು ಮೂರು ಇಂಚು ದಪ್ಪದ ಗುಂಡಿನದು. ಅಪ್ಪ-ಮಗ ಜೊತೆಗೆ ಎಲ್ಕ್ ಬೇಟೆಗೆ ಹೋಗಬೇಕೆಂದು ಬಹಳ ವರ್ಷ ಅಂದುಕೊಂಡು, ಹೋಗದೇ ಉಳಿದಿದ್ದರು. ಈ ಸಲ ಆ ರೈಫಲನ್ನೇ ಹಿಡಿದು ಹೋಗುವ ಆಸೆ. ‘ಇದು ಸಾಕಾಗುತ್ತದೆಯೇ? ಇದ್ದದ್ದು ಇದ್ದ ಹಾಗೆ ಹೇಳಿ’ ಎಂದು ಕೇಳಿದ್ದರು.

ಸಾಲದು. ಪಟ್ಟಿಯ ಪ್ರಕಾರ ಅದು ಸಾಧಾರಣ ಜಿಂಕೆಯ ಅಳತೆ. ಆದರೆ ಪಟ್ಟಿಯ ಅಡಿಯಲ್ಲಿ ಸಣ್ಣಕ್ಷರದ ಒಂದು ಸಾಲಿತ್ತು: ಕೈ ನುರಿತಿದ್ದರೆ, ಹತ್ತಿರದಿಂದ ಹೊಡೆದರೆ, ಸರಿಯಾದ ಜಾಗಕ್ಕೆ ಬಿದ್ದರೆ ನಡೆದೀತು. ನಮ್ಮ ಟೀಮ್ ಲೀಡರ್, ಮಂಗಳೂರಿನ ಹುಡುಗ, ದಿನವೂ ಹೇಳುತ್ತಿದ್ದ: “ಇಲ್ಲ ಅಂತ ಮಾತ್ರ ಬರೀಬೇಡಿ ಮಾರಾಯ್ರೇ, ಕಸ್ಟಮರ್ ಬೇಜಾರಾಗ್ತಾರೆ.” ತಪ್ಪನ್ನು ಅವನ ತಲೆಗೆ ಕಟ್ಟಲಾರೆ. ರೋಗಿಗೂ, ಫೇಲಾದ ಹುಡುಗನಿಗೂ, ಮದುವೆ ಮುರಿದುಬಿದ್ದವಳಿಗೂ “ಎಲ್ಲಾ ಸರಿ ಆಗತೈತಿ ಬಿಡ್ರಿ” ಅನ್ನುವ ಮಂದಿಯ ನಡುವೆ ಬೆಳೆದವಳು ನಾನು. ತಂದೆ ಸತ್ತವರ ಮುಖಕ್ಕೆ ‘ಸಾಲದು’ ಅನ್ನಲು ಬೆರಳು ಏಳಲಿಲ್ಲ. ಆ ಸಣ್ಣಕ್ಷರದ ಸಾಲನ್ನೇ ಹಿಗ್ಗಿಸಿ ಬರೆದೆ. ಕೊನೆಗೆ, ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಮಾತು ಸೇರಿಸಿದೆ: ‘ನಿಮ್ಮ ತಂದೆಯವರ ರೈಫಲ್ ನಿಮ್ಮ ಕೈಬಿಡುವುದಿಲ್ಲ.’

ಒಂದೇ ಗಂಟೆಯಲ್ಲಿ ಅವರು ನನಗೆ ಐದಕ್ಕೆ ಐದು ನಕ್ಷತ್ರ ಕೊಟ್ಟರು. ಆಫೀಸಿನಲ್ಲಿ ಚಪ್ಪಾಳೆ ತಟ್ಟಿ ಒಂದು ಕಾಫಿ ಮಗ್ ಕೊಟ್ಟರು.

ಸಂಜೆ ಅಪ್ಪನಿಗೆ ಆ ಮೇಲ್‌ನ ವಿಷಯ ಹೇಳಿದೆ. ನನ್ನ ಉತ್ತರವನ್ನು ಹೇಳುವ ಮೊದಲೇ ಅವರು ಎದ್ದು ವರ್ನಿಯರ್ ತಂದರು. ಅದರ ದವಡೆಗಳನ್ನು ಮೊದಲು ಆ ರೈಫಲಿನ ಗುಂಡಿನಷ್ಟು ತೆರೆದು ನನ್ನ ಕಣ್ಣಿಗೆ ಹಿಡಿದರು, ಆಮೇಲೆ ಎಲ್ಕ್‌ಗೆ ಬೇಕಾದ ಗುಂಡಿನಷ್ಟು.

“ನೋಡವ್ವಾ, ಎರಡಕ್ಕೂ ಫರಕು ಒಂದೂವರಿ ಮಿಲಿಮೀಟರ್. ಇದು ಸಣ್ಣದಂತ ತಿಳೀಬ್ಯಾಡ. ನಮ್ಮ ಕೆಲಸದಾಗ ಇದು ಭಾಳ ದೂರ. ಅವಗ ಏನಂತ ಬರದಿ?”

“ಸಾಲಂಗಿಲ್ಲ ಅಂತ ಬರದೆ.”

“ಶಾಣ್ಯಾಕಿ ನನ್ನ ಮಗಳು!”

ಮರುದಿನ ಹಾಲಿನ ಬೂತಿನಲ್ಲಿ, ಮಗಳು ಅಮೆರಿಕದವನಿಗೇ ಆಗೋದಿಲ್ಲ ಅಂದಳೆಂದು ತೆಲುಗಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಬಸ್ ಸ್ಟಾಪಿಗೆ ನಡೆದೆ.

ಕೆಲವು ವಾರಗಳ ನಂತರ ಆ ಹಿರಿಯರ ಮೇಲ್ ಬಂತು. ಅದರಲ್ಲಿ ಸಿಟ್ಟೇ ಇರಲಿಲ್ಲ. ಗುರಿ ಇಟ್ಟ ಕಡೆಯೇ ಗುಂಡು ತಾಗಿತ್ತು, ಆದರೂ ಎಲ್ಕ್ ಓಡಿತ್ತು. ಹಿಮ ಬಿದ್ದು ರಕ್ತದ ಗುರುತು ಮುಚ್ಚಿಹೋಗಿತ್ತು. ಮೂರು ದಿನ ಹುಡುಕಿದರು. ನಾಲ್ಕನೆಯ ದಿನ ಕಾಗೆಗಳು ಸುತ್ತುವುದು ಕಂಡು ಹೋದರೆ, ತೊರೆಯ ಪಕ್ಕದ ತಗ್ಗಿನಲ್ಲಿ ಬಿದ್ದಿತ್ತು. ಸತ್ತಿತ್ತು, ಆದರೆ ಮೈ ಇನ್ನೂ ಬೆಚ್ಚಗಿತ್ತು. ತಂದೆಯ ರೈಫಲನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಇನ್ನು ತೆಗೆಯುವುದಿಲ್ಲ ಎಂದು ಬರೆದಿದ್ದರು. ಕೊನೆಯಲ್ಲಿ ಎರಡು ಸಾಲು: ‘ನೀವು ನನ್ನ ಮೇಲೆ ಕರುಣೆ ತೋರಿದಿರಿ. ನಿಜ ಹೇಳಿದ್ದರೆ ನಾನೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.’

ಇಂಥದಕ್ಕೂ ಸಿದ್ಧ ಉತ್ತರವೊಂದಿತ್ತು, ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಎಂದು. ಅದನ್ನೇ ಕಳಿಸಿದೆ. ಸಂಜೆ ಮೆಹದಿಪಟ್ಟಣದಲ್ಲಿ ಬಸ್ಸು ಬದಲಿಸಿ, ಸೀಟು ಖಾಲಿಯಿದ್ದರೂ ನಿಂತೇ ಬಂದೆ. ಮೂರು ದಿನ ಅದು ಆ ಚಳಿಯಲ್ಲಿ ಹೇಗೆ ಉಸಿರಾಡಿತೋ ಎಂಬುದೊಂದೇ ಯೋಚನೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮನೆ ಮುಟ್ಟಿದೊಡನೆ ಅಪ್ಪನಿಗೆ ಎಲ್ಲ ಹೇಳಿಬಿಡಬೇಕು ಅಂದುಕೊಂಡೆ. ಅವರು ಬಾಗಿಲಲ್ಲೇ ನಗುತ್ತಾ ನಿಂತಿದ್ದರು, ನಾನು ಹೇಳಲಿಲ್ಲ.

ಆ ಕೆಲಸ ಮುಗಿದು ಬೇರೆ ಕೆಲಸಗಳು ಬಂದವು. ಅಪ್ಪನ ಕಣ್ಣು ಮಂಜಾಗಿ ವರ್ನಿಯರಿನ ಗೆರೆಗಳು ಕಾಣದಾದವು. ಆದರೂ ಆ ಮೇಲ್ ಮರೆಯಲಿಲ್ಲ, ಮೇಲಿಂದ ಮೇಲೆ ಕೇಳುತ್ತಿದ್ದರು.

“ಆ ಅಮೆರಿಕಾದಾವ ದೊಡ್ಡ ಬಂದೂಕ ತಗೊಂಡನೇನವ್ವಾ?”

“ಹೂಂ ಅಪ್ಪಾ, ತಗೊಂಡ.”

“ಒಂದ ಗುಂಡಿಗೆ ಬಿತ್ತಂತೇನ? ಒದ್ದಾಡಲಿಲ್ಲಲ್ಲ?”

“ಇಲ್ಲಪ್ಪಾ. ಒಂದಕ್ಕ ಬಿತ್ತಂತ.”

ಅಪ್ಪ ತಲೆಯಾಡಿಸುತ್ತಿದ್ದರು. ಒಂದು ತಪ್ಪು ಬಿಡಿಭಾಗವನ್ನೂ ಒಪ್ಪದಿದ್ದವರು ನನ್ನ ಈ ಮಾತನ್ನು ಮಾತ್ರ ಅಳೆದು ನೋಡದೆ ಒಪ್ಪಿಕೊಂಡರು. ಹೋದ ವರ್ಷ ತೀರಿಕೊಂಡರು. ಅವರ ವರ್ನಿಯರ್ ನನ್ನ ಪಾಲಿಗೆ ಬಂತು. ಪೆಟ್ಟಿಗೆಯಲ್ಲೇ ಇದೆ, ನಾನು ತೆಗೆದಿಲ್ಲ.