ಪಾಂಡೀಶ್ವರಿಯ ಬಲಗೈ

ಹದಿನೇಳನೇ ವಯಸ್ಸಿಗೆ ಪಾಂಡೀಶ್ವರಿ ದ್ರಾಕ್ಷಿ ಚಪ್ಪರದ ಕೆಳಗೆ ನಿಂತವಳು, ಮೂವತ್ತು ವರ್ಷ ಅಲ್ಲಿಯೇ ನಿಂತಳು. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಕಲ್ಲುಕಂಬ ನೆಟ್ಟು, ಮೇಲೆ ತಂತಿ ಹೆಣೆದು ಬಳ್ಳಿ ಹಬ್ಬಿಸುತ್ತಾರೆ. ಹಾಗಾಗಿ ಕೆಲಸವೆಲ್ಲ ತಲೆಯ ಮೇಲೆ. ಬಳ್ಳಿ ಸವರುವುದು, ಎಲೆ ಕೀಳುವುದು, ಗೊಂಚಲಲ್ಲಿ ಒತ್ತಾಗಿ ಬಂದ ಕಾಯಿಗಳನ್ನು ಸಣ್ಣ ಕತ್ತರಿಯಿಂದ ಬಿಡಿಸಿ ಉಳಿದವಕ್ಕೆ ಜಾಗ ಮಾಡುವುದು, ಎಲ್ಲದಕ್ಕೂ ಕತ್ತು ಹಿಂದಕ್ಕೆ ಬಾಗಿಸಿ, ಕೈ ಮೇಲಕ್ಕೆ ಚಾಚಿಯೇ ಇರಬೇಕು. ಪಾಂಡೀಶ್ವರಿಯ ಕತ್ತರಿಗೆ ಅವಳೂರು ಸುರುಳಿಪಟ್ಟಿಯ ಸುತ್ತ ಹೆಸರಿತ್ತು. ಅವಳು ಬಿಡಿಸಿದ ಗೊಂಚಲಲ್ಲಿ ಒಂದು ಕಾಯಿಯೂ ಇನ್ನೊಂದನ್ನು ಒತ್ತುತ್ತಿರಲಿಲ್ಲ. ಎಂಟು ಹೆಂಗಸರ ತಂಡಕ್ಕೆ ಅವಳೇ ಮುಂದಾಳು.

ನಾಲ್ಕು ವರ್ಷದ ಹಿಂದೆ ಅವಳ ಬಲಹೆಗಲು ಹಿಡಿಯಿತು. ಮೊದಮೊದಲು ಸಂಜೆಗೆ ಬಂದು ಬೆಳಗಾಗುವಷ್ಟರಲ್ಲಿ ಹೋಗುತ್ತಿದ್ದ ನೋವು ಆಮೇಲೆ ಹೋಗುವುದನ್ನೇ ಮರೆಯಿತು. ಹೆಗಲೆಲುಬಿನಿಂದ ಕತ್ತಿಗೆ, ಕತ್ತಿನಿಂದ ತಲೆಯ ಹಿಂಭಾಗಕ್ಕೆ ಏರಿತು. ಜಡೆ ಹೆಣೆದುಕೊಳ್ಳಲು ಆಗಲಿಲ್ಲ. ಮೇಲಿನ ಹಲಗೆಯಿಂದ ಉಪ್ಪಿನ ಡಬ್ಬಿ ಇಳಿಸಲು ಗಂಡನನ್ನು ಕರೆಯಬೇಕಾಯಿತು. ಎರಡು ವರ್ಷ ಹೀಗೇ ತಳ್ಳಿದ ಮೇಲೆ ಒಂದು ದಿನ ಚಪ್ಪರದ ಕೆಳಗೆ ಕತ್ತರಿ ಕೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡವಳು ಅದನ್ನು ಪಕ್ಕದಲ್ಲಿದ್ದ ಮುನಿಯಮ್ಮಾಳ್ ಕೈಗಿಟ್ಟು ಮನೆಗೆ ನಡೆದಳು.

ಗಂಡ ರಂಗಸಾಮಿ ಅವಳಿಗೆ ಸೋದರಮಾವನ ಮಗ. ಮದುವೆಗೆ ಮುಂಚೆ ಕರೆಯುತ್ತಿದ್ದ ಹಾಗೆಯೇ ಈಗಲೂ 'ಮಾಮಾ' ಅನ್ನುತ್ತಾಳೆ. ಅವನು ಅವಳನ್ನು ತೇನಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು. ಎಲುಬು ಚೆನ್ನಾಗಿದೆ, ನರವೂ ಸರಿಯಿದೆ ಅಂದರು. ಮಾತ್ರೆಗೆ ಹೊಟ್ಟೆ ಉರಿಯಿತು. ಸೂಜಿ ಹಾಕಿಸಿಕೊಂಡದ್ದು ಹದಿನೈದು ದಿನ ಹಿತವಾಯಿತು, ಅಷ್ಟೆ. ಎಣ್ಣೆ ಹಾಕಿ ನೀವುವ ಒಬ್ಬ ಮುದುಕನ ಹತ್ತಿರ ಹೋಗಿ ಬಂದ ಮೇಲೆ ಮೂರು ದಿನ ಮಗ್ಗುಲು ಬದಲಿಸಲಾಗಲಿಲ್ಲ.

ರಂಗಸಾಮಿಯ ತಂಗಿ ಆಂಡಾಳ್ ಪಕ್ಕದ ಮನೆಯಲ್ಲೇ ಇದ್ದಳು. ಕೆಟ್ಟವಳಲ್ಲ, ಆದರೆ ಬಾಯಿಗೆ ಬಂದದ್ದನ್ನು ತಡೆಹಿಡಿದು ಅಭ್ಯಾಸವಿರಲಿಲ್ಲ. "ಸ್ಕ್ಯಾನ್‌ನಾಗೇ ಏನೂ ಇಲ್ಲ ಅಂದ್ರಂತಲ್ಲ ಅತ್ತಿಗೆ? ಇನ್ನೇನು ನೋವು?" ಅಂದುಬಿಟ್ಟಳು.

ಪಾಂಡೀಶ್ವರಿ ಜಗಳಾಡಲಿಲ್ಲ. ಆಂಡಾಳ್ ಹೇಳಿದ್ದನ್ನು ಅವಳೂ ಮನಸ್ಸಿನೊಳಗೆ ತನಗೇ ಹೇಳಿಕೊಳ್ಳುತ್ತಿದ್ದಳು. ಇಲ್ಲದ ನೋವನ್ನು ನಾನೇ ಹುಟ್ಟಿಸಿಕೊಂಡಿದ್ದೀನಾ? ಈ ಅನುಮಾನ ಅವಳಿಗೆ ನೋವಿಗಿಂತ ಕಷ್ಟವಾಯಿತು. ತಂಡದವರು ಬೆಳಿಗ್ಗೆ ಬುತ್ತಿ ಹಿಡಿದು ಬೀದಿಯಲ್ಲಿ ಹೋಗುವಾಗ ಅವಳು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ದ್ರಾಕ್ಷಿ ಸಾಗಿಸುವ ಲಾರಿಯ ಡ್ರೈವರ್ ಶಕ್ತಿವೇಲ್ ಒಮ್ಮೆ ರಂಗಸಾಮಿಯ ಹತ್ತಿರ ತನ್ನ ಸೊಂಟದ ಕಥೆ ಹೇಳಿದ. ವರ್ಷಗಟ್ಟಲೆ ನೇರವಾಗಿ ಕೂರಲಾಗದವನು ಬತ್ತಲಗುಂಡಿನ ಒಬ್ಬ ಫಿಸಿಯೋಥೆರಪಿ ಹೆಣ್ಣುಮಗಳ ಹತ್ತಿರ ಎರಡು ತಿಂಗಳು ಹೋಗಿ, ಈಗ ಕೊಡೈಕಾನಲ್ ಘಾಟಿಗೂ ಲಾರಿ ಹತ್ತಿಸುತ್ತಾನಂತೆ. "ಮಿಷನ್ ಗಿಷನ್ ಏನೂ ಇಲ್ಲಣ್ಣಾ. ಬರೀ ಕೈ," ಅಂದ.

ಬತ್ತಲಗುಂಡಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಹೊತ್ತಿಗೆ ಔಷಧಿ ಅಂಗಡಿಯ ಮೇಲಿನ ಮಹಡಿ ಹತ್ತಿದರು. ಅಲ್ಲಿದ್ದ ಮುತ್ತುಸೆಲ್ವಿಗೆ ಮೂವತ್ತೈದರ ಆಸುಪಾಸು, ನಿಲಕ್ಕೋಟ್ಟೈ ಕಡೆಯವಳು. ಪಾಂಡೀಶ್ವರಿ ಸ್ಕ್ಯಾನ್ ಇಟ್ಟ ದಪ್ಪ ಲಕೋಟೆಯನ್ನು ಮುಂದೆ ಚಾಚಿದಳು. ಮುತ್ತುಸೆಲ್ವಿ ವರದಿ ಓದಿ ಬದಿಗಿಟ್ಟು, ತಮಿಳಿನಲ್ಲಿ, "ಎಲ್ಲಿ ನೋವು ಅಕ್ಕಾ?" ಅಂದಳು. ಪಾಂಡೀಶ್ವರಿ ಎಲ್ಲ ಆಸ್ಪತ್ರೆಯಲ್ಲೂ ತೋರಿಸಿದಂತೆ ಹೆಗಲು ತೋರಿಸಿದಳು. ಮುತ್ತುಸೆಲ್ವಿ ಅವಳನ್ನು ನಿಲ್ಲಿಸಿ ನೋಡಿದಳು, ನಡೆಸಿ ನೋಡಿದಳು, ಕೈ ಎತ್ತಿಸಿ ನೋಡಿದಳು. ಆಮೇಲೆ ಮಲಗಿಸಿ ಹೆಗಲ ಕೆಳಗೆ ಅಂಗೈ ಇಟ್ಟು ಸುಮ್ಮನಿದ್ದಳು.

ಪಾಂಡೀಶ್ವರಿ ಗಂಡನ ಕಡೆ ತಿರುಗಿ, ತಲೆಮಾರುಗಳಿಂದ ತಮ್ಮವರ ಮನೆಗಳಲ್ಲಿ ಉಳಿದುಬಂದ ಕನ್ನಡದಲ್ಲಿ ಗೊಣಗಿದಳು. "ಮಾಮಾ, ಇವ್ಳು ಸುಮ್ನೆ ಕೈ ಇಟ್ಕಂಡು ಕೂತವ್ಳೆ. ಎಣ್ಣೆ ಸೈತ ಹಾಕ್ಲಿಲ್ಲ."

ಮುತ್ತುಸೆಲ್ವಿ ನಕ್ಕುಬಿಟ್ಟಳು. "ಅಕ್ಕಾ, ನಂಗೂ ತಿಳೀತದೆ. ನಮ್ಮ ಅಜ್ಜಿ ಇದೇ ಮಾತು ಆಡೋರು. ನಂಗೆ ಆಡಾಕೆ ಸರ್ಯಾಗಿ ಬರಲ್ಲ, ಅಷ್ಟೇ."

ಪಾಂಡೀಶ್ವರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ನಾಲ್ಕು ವರ್ಷದಿಂದ ತಮಿಳಿನಲ್ಲಿ 'ನೋವು' ಎಂಬ ಒಂದೇ ಪದವನ್ನು ಹೇಳಿಕೊಂಡು ಬಂದಿದ್ದವಳು ತನ್ನ ಮಾತಿನಲ್ಲಿ ಬಾಯಿಬಿಟ್ಟಳು. "ನೋವು ಅಂದ್ರೆ ಬರೀ ನೋವಲ್ಲ ತಾಯಿ. ಒದ್ದೆ ಸೀರೇನ ಹಿಂಡಿ, ಬಿಚ್ಚದೆ ಹಂಗೇ ಒಣಗಾಕಿದ್ರೆ ಎಂಗಿರ್ತದೆ? ಒಳಗೆ ಹಂಗೇ ಆಗ್ಬಿಟ್ಟದೆ."

"ಆ ಹಿಂಡಿದ್ದು ಎಲ್ಲಿಂದ ಶುರು ಆಗ್ತದೆ?"

ಪಾಂಡೀಶ್ವರಿ ಯೋಚಿಸಿದಳು. ಅವಳ ಎಡಗೈ ತಾನಾಗಿಯೇ ಹೆಗಲನ್ನು ಬಿಟ್ಟು, ಬಲಪಕ್ಕೆಯ ಎಲುಬಿನ ಕೆಳಗೆ ಹೋಗಿ ನಿಂತಿತು. ಅಲ್ಲಿ ಗೇಣುದ್ದದ ಹೊಲಿಗೆಯ ಗುರುತಿತ್ತು. ಆರು ವರ್ಷದ ಹಿಂದೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆದದ್ದು.

"ಇದನ್ನ ಡಾಕ್ಟರಿಗೆ ಹೇಳಿದ್ರಾ?"

"ಕೈ ನೋವಿಗೆ ಹೋಗಿ ಹೊಟ್ಟೆ ಕಥೆ ಯಾಕೆ ಹೇಳ್ಲಿ?"

ಮುತ್ತುಸೆಲ್ವಿ ಆ ಗುರುತಿನ ಸುತ್ತ ಮೆಲ್ಲಗೆ ಬೆರಳಾಡಿಸಿದಳು. ಅಲ್ಲಿನ ಚರ್ಮ ಒಳಗಿನ ಮಾಂಸಕ್ಕೆ ಅಂಟಿಕೊಂಡಂತಿತ್ತು. ತಳ್ಳಿದರೆ ಸರಿಯುತ್ತಿರಲಿಲ್ಲ. "ಬಾಳೆದಿಂಡು ಹೆಚ್ಚುವಾಗ ಬಿಲ್ಲೆಯಿಂದ ಬಿಲ್ಲೆಗೆ ನಾರು ಎಳ್ಕೊಂಡು ಬರಲ್ವಾ ಅಕ್ಕಾ? ನಮ್ಮ ಮೈಯೊಳಗೂ ಹಂಗೇ ಒಂದು ಪೊರೆ ಇದೆ. ಸ್ನಾಯು ಎಲ್ಲಾನೂ ಸುತ್ತಿ, ಒಂದಕ್ಕೊಂದು ಸೇರಿಸಿರ್ತದೆ. ಫ್ಯಾಸಿಯಾ ಅಂತಾರೆ. ಒಂದು ಕಡೆ ಬಿಗಿದ್ರೆ ಇನ್ನೊಂದು ಕಡೆ ಎಳೀಬೋದು. ಸ್ಕ್ಯಾನ್‌ನಾಗೆ ಕಾಣ್ಲಿಲ್ಲ ಅಂದ್ರೆ ನೋವು ಸುಳ್ಳು ಅಂತಲ್ಲ."

ಕೊನೆಯ ಮಾತನ್ನು ಪಾಂಡೀಶ್ವರಿ ಇನ್ನೊಮ್ಮೆ ಹೇಳಿಸಿಕೊಂಡಳು. ಬಾಗಿಲ ಹತ್ತಿರ ಕೂತಿದ್ದ ರಂಗಸಾಮಿ ತಲೆ ತಗ್ಗಿಸಿದ.

"ಪೂರ್ತಿ ವಾಸಿ ಮಾಡ್ತೀನಿ ಅಂತ ನಾನು ಹೇಳಲ್ಲ," ಅಂದಳು ಮುತ್ತುಸೆಲ್ವಿ. "ಇದೆಲ್ಲ ಹೆಂಗೆ ಕೆಲಸ ಮಾಡ್ತದೆ ಅಂತ ಓದಿದವ್ರಿಗೇ ಪೂರ್ತಿ ಗೊತ್ತಿಲ್ಲ. ಎಂಟು ವಾರ ಬನ್ನಿ, ನೋಡೋಣ."

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಮೈಕೈ ಇನ್ನಷ್ಟು ನೊಂದಿತು. ಮೂರನೆಯ ವಾರ ಮುತ್ತುಸೆಲ್ವಿ ಒಂದು ಕೈಯನ್ನು ಹೊಲಿಗೆಯ ಗುರುತಿನ ಮೇಲೆ, ಇನ್ನೊಂದನ್ನು ಕಂಕುಳ ಕೆಳಗಿನ ಪಕ್ಕೆಯ ಮೇಲೆ ಇಟ್ಟಳು. ಒತ್ತಲಿಲ್ಲ, ತಿಕ್ಕಲಿಲ್ಲ. ಎರಡು ಕೈಗಳ ನಡುವೆ ಸ್ವಲ್ಪವೇ ಎಳೆತ ಕೊಟ್ಟು ಕಾದಳು. ಎರಡು ನಿಮಿಷ ಕಳೆಯಿತು, ನಾಲ್ಕು ಕಳೆಯಿತು. ಐದನೆಯ ನಿಮಿಷಕ್ಕೆ ಪಾಂಡೀಶ್ವರಿಗೆ ಒಳಗೆ ಬೆಚ್ಚಗಾಯಿತು. ಗಟ್ಟಿ ಬೆಲ್ಲ ಬಾಯಲ್ಲಿ ಕರಗುವಂತೆ ಏನೋ ಮೆಲ್ಲಗೆ ಬಿಟ್ಟುಕೊಟ್ಟಿತು. ಅದರ ಬೆನ್ನಿಗೇ ಅಳು ಬಂತು.

"ನೋವಾಯ್ತಾ ಅಕ್ಕಾ?" ಮುತ್ತುಸೆಲ್ವಿ ಕೈ ಸಡಿಲಿಸಿದಳು.

"ಇಲ್ಲ ತಾಯಿ. ತೆಗೀಬೇಡ."

ಅತ್ತುಕೊಂಡೇ ಹೇಳಿದಳು. ಆಪರೇಷನ್ ಆದ ಮೂರನೆಯ ವಾರಕ್ಕೆ ಕಾಯಿ ಬಿಡಿಸುವ ಹೊತ್ತು ಬಂದಿತ್ತು. ಮುಂದಾಳೇ ಇಲ್ಲದಿದ್ದರೆ ತಂಡ ಚದುರಿಹೋಗುತ್ತದೆ ಅಂತ ಚಪ್ಪರದ ಕೆಳಗೆ ಹೋಗಿ ನಿಂತಿದ್ದಳು. ಹೊಲಿಗೆ ಬಿಟ್ಟುಹೋಗಬಾರದೆಂದು ಬಲಪಕ್ಕೆಯನ್ನು ಕುಗ್ಗಿಸಿ, ಉಸಿರು ಬಿಗಿಹಿಡಿದು ಬರೀ ಹೆಗಲಿನಿಂದಲೇ ಕೈ ಎತ್ತುತ್ತಿದ್ದಳು. ಗಾಯ ಮಾಯಿತು. ಹಾಗೆ ಕುಗ್ಗಿ ನಿಲ್ಲುವುದು ಮಾತ್ರ ಮೈಗೆ ರೂಢಿಯಾಗಿ ಉಳಿಯಿತು. ಆಗ ಎಷ್ಟು ಭಯವಾಗಿತ್ತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ರಂಗಸಾಮಿ ಎದ್ದು ಬಂದು ಅವಳ ಪಾದದ ಹತ್ತಿರ ನಿಂತ. ಹೊದಿಕೆಯನ್ನು ಸರಿಮಾಡಿದ.

ಆ ದಿನ ಬಸ್ಸಿನಲ್ಲಿ ಪಾಂಡೀಶ್ವರಿ ಮೇಲಿನ ಕಂಬಿಯನ್ನು ಬಲಗೈಯಲ್ಲಿ ಹಿಡಿದಳು. ಹಿಡಿದದ್ದು ಅವಳಿಗೇ ಗೊತ್ತಾಗಿರಲಿಲ್ಲ. ಪೆರಿಯಕುಳಂ ದಾಟಿದ ಮೇಲೆ ರಂಗಸಾಮಿ ಬೆರಳು ತೋರಿಸಿದ. ಇಬ್ಬರೂ ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದರು.

ಮನೆಯಲ್ಲಿ ಮಾಡಲು ಸಣ್ಣ ಕೆಲಸಗಳಿದ್ದವು. ಗೋಡೆಗೆ ಬೆರಳೂರಿ ಇರುವೆಯಂತೆ ಮೇಲಕ್ಕೆ ಹತ್ತಿಸಬೇಕು. ಬೆನ್ನಿಗೂ ಗೋಡೆಗೂ ನಡುವೆ ಚೆಂಡಿಟ್ಟು ಒರಗಬೇಕು. ಪಕ್ಕೆ ತುಂಬ ಉಸಿರೆಳೆದುಕೊಳ್ಳಬೇಕು. ಐದನೆಯ ವಾರಕ್ಕೆ ಕೈ ಕಿವಿಯವರೆಗೂ ಏರಿತು. ಆ ಉತ್ಸಾಹದಲ್ಲಿ ಅವಳು ಒಂದು ತಪ್ಪು ಮಾಡಿದಳು. ಯಾರಿಗೂ ಹೇಳದೆ ತೋಟಕ್ಕೆ ಹೋಗಿ, ಮುನಿಯಮ್ಮಾಳ್ ಹತ್ತಿರ ಕತ್ತರಿ ಕೇಳಿ ಪಡೆದು, ಒಂದೇ ಸಮನೆ ನಾಲ್ಕು ಗಂಟೆ ಕಾಯಿ ಬಿಡಿಸಿದಳು. ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಎಲ್ಲವೂ ಮೊದಲಿನಂತೆಯೇ ಆಯಿತು ಅನ್ನಿಸಿತು. ಆ ವಾರ ಬತ್ತಲಗುಂಡಿಗೆ ಹೋಗಲಿಲ್ಲ.

ಮುತ್ತುಸೆಲ್ವಿಯೇ ಫೋನ್ ಮಾಡಿದಳು. ಪಾಂಡೀಶ್ವರಿ ಮಾಡಿದ್ದನ್ನು ಹೇಳಿ, ಬೈಗುಳಕ್ಕೆ ಕಾದಳು.

"ಎಷ್ಟು ಹೊತ್ತು ಕೈ ಮೇಲಿತ್ತು ಅಕ್ಕಾ?"

"ಪೂರ್ತಿ ಹೊತ್ತೂ. ಕೆಲಸವೇ ಹಂಗಲ್ವಾ?"

"ಭಾನುವಾರ ನಾನೇ ಬರ್ತೀನಿ. ನಂಗೆ ಆ ಕೆಲಸ ನೋಡ್ಬೇಕು."

ಮುತ್ತುಸೆಲ್ವಿ ಬಂದು ಚಪ್ಪರದ ಕೆಳಗೆ ನಿಂತಳು. ತಾನೂ ಒಂದು ಕತ್ತರಿ ಹಿಡಿದಳು. ಹತ್ತೇ ನಿಮಿಷಕ್ಕೆ ಕತ್ತು ಹಿಡಿದುಕೊಂಡು ಕೂತಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು, ಆಮೇಲೆ ಒಬ್ಬೊಬ್ಬರನ್ನೇ ಕೇಳಿದಳು. ಕತ್ತಿನ ನೋವಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ಮುನಿಯಮ್ಮಾಳ್ ಎರಡು ವರ್ಷದಿಂದ ಎಡಮಗ್ಗುಲಿಗೆ ಮಲಗಿಲ್ಲವಂತೆ. "ಕೆಲಸ ಅಂದ್ಮೇಲೆ ಇದ್ದದ್ದೇ ಅಂತ ಸುಮ್ನಿದ್ದೆ," ಅಂದಳು. ಪಾಂಡೀಶ್ವರಿ ಅವಳನ್ನು ದಿಟ್ಟಿಸಿ ನೋಡಿದಳು. ಎರಡು ವರ್ಷದಿಂದ ತನ್ನ ಕತ್ತರಿ ಅವಳ ಕೈಯಲ್ಲೇ ಇತ್ತು.

ರಂಗಸಾಮಿ ಹಣ್ಣಿನ ಕ್ರೇಟುಗಳನ್ನು ಬೋರಲು ಹಾಕಿ, ಮೇಲೆ ಹಲಗೆ ಬಿಗಿದು ಅಗಲವಾದ ಮೆಟ್ಟಿಲು ಮಾಡಿದ. ಕುಳ್ಳಗಿರುವವರು ಅದರ ಮೇಲೆ ನಿಂತರೆ ಗೊಂಚಲು ಮುಖದ ಮಟ್ಟಕ್ಕೆ ಬರುತ್ತಿತ್ತು, ಕೈ ಅಷ್ಟೊಂದು ಚಾಚಬೇಕಿರಲಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲರೂ ಕೈ ಇಳಿಸಬೇಕು, ಮೇಲೆ ಬಿಡಿಸುವವರೂ ಕೆಳಗೆ ಕ್ರೇಟು ತುಂಬುವವರೂ ಜಾಗ ಬದಲಿಸಬೇಕು ಅಂತ, ಮುಂದಾಳಾಗಿ ತಂಡಕ್ಕೆ ಮರಳಿದ ಪಾಂಡೀಶ್ವರಿ ನಿಯಮ ಮಾಡಿದಳು. ಕೆಲಸ ನಿಧಾನವಾಗುತ್ತದೆ ಅಂತ ತೋಟದ ಯಜಮಾನ ಮುಖ ಗಂಟಿಕ್ಕಿದ. "ಸಂಜೆ ಬಂದು ಸಾಲು ಎಣಿಸಿ ನೋಡಿ. ಕಮ್ಮಿಯಾದ್ರೆ ಆಗ ಮಾತಾಡಿ," ಅಂದಳು ಪಾಂಡೀಶ್ವರಿ. ಸಂಜೆ ಒಂದು ಸಾಲೂ ಕಮ್ಮಿಯಾಗಿರಲಿಲ್ಲ. ಮಧ್ಯಾಹ್ನದ ಮೇಲೆ ಯಾರೂ ಕತ್ತು ನೀವಿಕೊಳ್ಳುತ್ತಾ ಕೂತಿರಲಿಲ್ಲ.

ಎಂಟು ವಾರ ಅಂದದ್ದು ಹನ್ನೆರಡಾಯಿತು. ಈಗ ಅವಳು ತಿಂಗಳಿಗೊಮ್ಮೆ ಹೋಗಿ ಬರುತ್ತಾಳೆ. ನೋವು ಪೂರ್ತಿ ಹೋಗಿಲ್ಲ. ಚಳಿ ಬಿದ್ದಾಗ, ಕೆಲಸ ಜಾಸ್ತಿಯಾದಾಗ ಹೆಗಲು ಬಿಗಿಯುತ್ತದೆ. ಮೊದಲಿನಂತೆ ಅದಕ್ಕೆ ಹೆದರುವುದಿಲ್ಲ ಅಷ್ಟೆ. ಗೋಡೆಗೆ ಒರಗಿ ನಿಂತು, ಪಕ್ಕೆಗೆ ಉಸಿರು ತುಂಬಿಕೊಂಡು, ಬಿಗಿತ ಬಿಡುವವರೆಗೆ ಕಾಯುತ್ತಾಳೆ.

ಆಂಡಾಳ್ ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವವಳಲ್ಲ. ಒಂದು ಬೆಳಿಗ್ಗೆ ಹಿಮ್ಮಡಿಯೂರಲಾಗದೆ ಕುಂಟುತ್ತಾ ಬಂದು ಜಗಲಿಯ ಮೇಲೆ ಕೂತಳು. "ಅತ್ತಿಗೆ, ಮುಂದಿನ ತಿಂಗಳು ಹೋಗುವಾಗ ನಾನೂ ಬರ್ಲಾ?" ಅಂದಳು.

"ಬಾ. ಕಿಟಕಿ ಪಕ್ಕದ ಸೀಟು ಮಾತ್ರ ನಂದು," ಅಂದಳು ಪಾಂಡೀಶ್ವರಿ.

ಈ ಸಲ ಕಾಯಿ ಬಿಡಿಸುವ ಕಾಲಕ್ಕೆ ತಂಡ ಹತ್ತು ಜನರದ್ದಾಗಿದೆ. ಹೊಸದಾಗಿ ಸೇರಿದ ಇಬ್ಬರಿಗೆ ಪಾಂಡೀಶ್ವರಿ ಮೊದಲ ದಿನ ಕತ್ತರಿ ಕೊಡಲಿಲ್ಲ. ಹಲಗೆಯ ಮೇಲೆ ನಿಲ್ಲಿಸಿ, ಉಸಿರು ಬಿಗಿಹಿಡಿಯದೆ ಕೈ ಎತ್ತುವುದನ್ನು ಹೇಳಿಕೊಟ್ಟಳು. ಎಲೆಗಳ ನಡುವೆ ಬಿಸಿಲು ಚೂರುಚೂರಾಗಿ ಬೀಳುತ್ತಿತ್ತು. ಹನ್ನೊಂದಕ್ಕೆ ತನ್ನ ಸಾಲು ಮುಗಿಸಿ ಕೆಳಗಿಳಿದು, ನೀರು ಕುಡಿದು, ಬಿಚ್ಚಿಹೋಗಿದ್ದ ಜಡೆಯನ್ನು ಎರಡೂ ಕೈ ಎತ್ತಿ ತಾನೇ ಹೆಣೆದುಕೊಂಡಳು.