ಮೊದಲ ಸುತ್ತಿನಲ್ಲೇ ಸಾಯುವ ಕಡ್ಡಿ

ನನ್ನ ಪಾತ್ರೆ ಅಂಗಡಿಯ ಪಕ್ಕ ಕೊಡೆ ರಿಪೇರಿ ಮಾಡುವವನಿಗೆ ಬೀದಿಯೆಲ್ಲ ಕಡ್ಡಿ ಎಂದೇ ಹೆಸರು. ಆಳೂ ಹಾಗೇ ಇದ್ದಾನೆ. ಜೋರು ಗಾಳಿ ಬಂದರೆ ತಾನೇ ಮಗುಚಿಕೊಂಡಾನು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಳ್ಳನನ್ನು ಹಿಡಿಯುವ ಆಟ. ಆಡಿಸುವವನು ನಾನು. ಹಂಚಿದ ಚೀಟಿಗಳಲ್ಲಿ ಒಂದು ಮಾತ್ರ ಕಳ್ಳನದು. ಎಲ್ಲರೂ ವಾದ ಮಾಡಿ, ಕೈ ಎತ್ತಿ, ಒಬ್ಬರನ್ನು ಹೊರಗೆ ಹಾಕಬೇಕು. ಸಿಕ್ಕಿದ್ದು ಕಳ್ಳನಲ್ಲದಿದ್ದರೆ ಉಳಿದವರು ಕಣ್ಣು ಮುಚ್ಚುತ್ತಾರೆ. ಕಳ್ಳ ಸದ್ದಿಲ್ಲದೆ ಎದ್ದು ಇನ್ನೊಬ್ಬರ ಭುಜ ಮುಟ್ಟಿ ಅವರನ್ನೂ ಮುಗಿಸುತ್ತಾನೆ. ಹೊರಬಿದ್ದವರು ಸತ್ತಂತೆ, ಬಾಯಿ ಬಿಡುವಂತಿಲ್ಲ.

ಮೊದಲ ಸುತ್ತಿನಲ್ಲಿ ಯಾರ ಮೇಲೂ ಸಾಕ್ಷಿ ಇರುವುದಿಲ್ಲ. ಹಾಗೆಂದು ಕೈಕಟ್ಟಿ ಕೂತರೆ ಕಳ್ಳನಿಗೇ ಲಾಭ. ಯಾರು ಹೋದರೆ ಆಟಕ್ಕೆ ನಷ್ಟ ಕಡಿಮೆಯೋ ಅವರನ್ನು ಕಳಿಸುವುದೇ ಜಾಣತನ. ಕ್ಷೌರದವನು ವಾದಕ್ಕೆ ಬೇಕು, ಔಷಧಿ ಅಂಗಡಿಯ ಅಕ್ಕ ಮುಖ ನೋಡಿ ಸುಳ್ಳು ಹಿಡಿಯುತ್ತಾಳೆ, ದರ್ಜಿ ನಗಿಸುತ್ತಾನೆ. ಕಡ್ಡಿ? ತಳ್ಳಿಬಿಡಲು ಹೇಳಿ ಮಾಡಿಸಿದ ಮಾಲು.

ಅವನಿಗೋ ಅದು ಆಟವಾಗಿ ಉಳಿದಿರಲಿಲ್ಲ. ಪಾಲಾದ ಮನೆಯ ನಡುಗೋಡೆಯ ಜಗಳವಾದಾಗಿನಿಂದ ಅಣ್ಣ ಅತ್ತಿಗೆ ಅವನೊಂದಿಗೆ ಮಾತು ಬಿಟ್ಟಿದ್ದರು. ಅತ್ತಿಗೆ ತಟ್ಟೆಯನ್ನು ಬಾಗಿಲಲ್ಲಿಟ್ಟು ಚಿಲಕ ಕುಟ್ಟಿ ಹೋಗುತ್ತಾಳೆ, ಅಷ್ಟೇ. ದಿನವಿಡೀ ಅವನ ಬಾಯಿಗೆ ಕೆಲಸವಿದ್ದದ್ದು ನಮ್ಮ ಕೋಣೆಯಲ್ಲಿ; ಅಲ್ಲೂ ಕೂತ ಜಾಗ ಬಿಸಿಯಾಗುವ ಮುಂಚೆ ಸಾಯುತ್ತಿದ್ದ.

ಬದುಕಲು ಪಡದ ಪಾಡಿಲ್ಲ. ಸುಮ್ಮನಿದ್ದು ನೋಡಿದ. "ಏನೋ ಮುಚ್ಚಿಡ್ತಿದಾನೆ" ಎಂದಳು ಅಕ್ಕ. ಜೋರಾಗಿ ಮಾತಾಡಿದ. "ನೋಡ್ರಪ್ಪಾ, ಬಾಯಿ ಬಂದ್ಬಿಡ್ತು!" ಎಂದ ದರ್ಜಿ. ತಾನೇ ಮೊದಲು ಕ್ಷೌರದವನತ್ತ ಬೆರಳು ತೋರಿಸಿದ ದಿನವಂತೂ ವಾದಕ್ಕೂ ಪುರುಸೊತ್ತು ಸಿಗಲಿಲ್ಲ.

ಮೊನ್ನೆ ಬೆಳಗ್ಗೆ ಒಬ್ಬೊಬ್ಬರ ಅಂಗಡಿಗೂ ಹೋಗಿ ಗುಟ್ಟಾಗಿ ಬೇಡಿಕೊಂಡ: "ನಿಮ್ಮ ಕೊಡೆ ಪುಕ್ಕಟೆ ಮಾಡ್ಕೊಡ್ತೀನಿ. ಮೊದಲ್ನೇ ಸುತ್ತಲ್ಲಿ ಮಾತ್ರ ನನ್ನ ಮೇಲೆ ಕೈ ಎತ್ಬೇಡಿ." ಎಲ್ಲರೂ ಒಪ್ಪಿದರು. ನನಗೆ ಮತವಿಲ್ಲದ್ದರಿಂದ ನನ್ನ ಕೊಡೆ ಮುರಿದೇ ಉಳಿಯಿತು.

ಮಧ್ಯಾಹ್ನ ಆಟಕ್ಕೆ ಕೂತಾಗ ಯಾರ ಕೈಯೂ ಏಳಲಿಲ್ಲ.

"ನಿಂಗೂ ಮಾಡ್ಕೊಟ್ನಾ?" ಎಂದ ಕ್ಷೌರದವನು.

"ಹ್ಞೂಂ. ಹೊಸ ಹಿಡಿ ಬೇರೆ ಹಾಕ್ದ" ಎಂದ ದರ್ಜಿ.

"ಎಲ್ರನ್ನೂ ಕೊಂಡ್ಕೊಂಡಿದಾನೆ!" ಅಕ್ಕ ತೊಡೆ ತಟ್ಟಿಕೊಂಡಳು. "ಕಳ್ಳ ಅಲ್ದೆ ಇನ್ಯಾರು ಹೀಗೆ ಮಾಡ್ತಾರೆ?"

ಬೆಳಗ್ಗೆ ಅವನು ಬೇಡಿಕೊಂಡಾಗ ನಾನಿನ್ನೂ ಚೀಟಿಯನ್ನೇ ಹರಿದಿರಲಿಲ್ಲ; ಕಳ್ಳ ಯಾರೆಂದು ಅವನಿಗಾದರೂ ಹೇಗೆ ಗೊತ್ತು? ಯಾರಿಗೆ ಬೇಕು ಆ ಲೆಕ್ಕ?

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೊಂದಿನ…"

ಕೈಗಳು ಎದ್ದವು. ಚೀಟಿ ಬಿಡಿಸಿದರೆ ಅವನು ಕಳ್ಳನಲ್ಲ. "ಕಣ್ಣು ಮುಚ್ಚಿ" ಎಂದೆ. ಮೂವರೂ ಮುಚ್ಚಿದರು.

"ನಾನು ಸತ್ತಿಲ್ಲ" ಎಂದ ಕಡ್ಡಿ.

"ಏಯ್, ಸತ್ತೋರು ಮಾತಾಡಂಗಿಲ್ಲ" ಎಂದ ಕ್ಷೌರದವನು, ಕಣ್ಣು ಮುಚ್ಚಿಕೊಂಡೇ.

"ಹೋದ ವಾರ ಜ್ವರ ಬಂದಿತ್ತು ಕಣೋ. ಅಣ್ಣಾ ಅಂತ ಕೂಗ್ದೆ. ಗೋಡೆ ಆಚೆ ರೇಡಿಯೋ ಜೋರು ಮಾಡಿದ್ರು. ಬೆಳಗ್ಗೆ ಎದ್ದು, ದನಿ ಇದೆಯೋ ಹೋಯ್ತೋ ಅಂತ, ನನ್ನ ಹೆಸರು ನಾನೇ ಕೂಗ್ಕೊಂಡೆ. ನೀವಾದ್ರೂ…"

ಹೇಳುತ್ತಲೇ ಹೋದ. ಕಳ್ಳನ ಚೀಟಿ ಬಿದ್ದಿದ್ದ ದರ್ಜಿ ಕಣ್ಣು ತೆರೆದು ಏಳಬೇಕಿತ್ತು. ಎಲ್ಲರಿಗಿಂತ ಬಿಗಿಯಾಗಿ ಮುಚ್ಚಿದ್ದವನು ಅವನೇ. ಅಂಗಡಿಯ ಮುಂದಿನಿಂದ ಗಿರಾಕಿಯೊಬ್ಬ "ಬಕೆಟ್ ಇದ್ಯಾ?" ಎಂದು ಕೂಗಿ, ಕಾದು, ಹೋದ. ನಾನು ಏಳಲಿಲ್ಲ.

ಕಣ್ಣು ತೆರೆಯಿರಿ ಎನ್ನಬೇಕಾದವನು ನಾನೇ. ಅಂದುಬಿಟ್ಟರೆ ಕಡ್ಡಿ ಎಲ್ಲಿ ಮಾತು ನಿಲ್ಲಿಸಿಬಿಡುತ್ತಾನೋ! ಅವನಿನ್ನೂ ಅಣ್ಣನ ಹೆಗಲೇರಿ ಈಜು ಕಲಿತ ಮಾತಿಗೆ ಬಂದಿದ್ದನಷ್ಟೆ.