ತಮಟೆ ಇಲ್ಲದ ಸಾವು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿದೆ ನಮ್ಮೂರು. ಮೇಲಿನ ಬೀದಿಯಲ್ಲಿ ಯಾರೇ ಸತ್ತರೂ ಮನೆಯವರು ಅತ್ತು ಮುಗಿಸುವ ಮೊದಲೇ ನಮ್ಮಪ್ಪನಿಗೆ ಕರೆ ಬರುತ್ತಿತ್ತು. ಅಪ್ಪ ತಮಟೆ ಕಾಯಿಸಿ, ಹೆಣದ ಮುಂದೆ ಬಾರಿಸುತ್ತ ನಡೆಯಬೇಕು. ಬೇರೆ ಊರುಗಳಲ್ಲಿ ನಮ್ಮ ಜನ ಆ ಬಿಟ್ಟಿಚಾಕರಿಯನ್ನು ಎಂದೋ ಬಿಟ್ಟಿದ್ದರು. ನಮ್ಮ ಕೇರಿ ಎದ್ದು ಕೂತದ್ದು ಎರಡು ಸಾವಿರ ಇಸವಿ ದಾಟಿದ ಮೇಲೆ. ಎಲ್ಲದರಲ್ಲೂ ನಾವು ತಡವೇ.

ಚಾಮರಾಜನಗರದ ದಲಿತ ಹೋರಾಟದ ಮೆರವಣಿಗೆಯಲ್ಲಿ ತಮಟೆ ಬಾರಿಸಿ ಬಂದ ಅಪ್ಪನೇ ಕೇರಿಯವರನ್ನೆಲ್ಲ ಕೂರಿಸಿ, ಇನ್ನು ಮೇಲೆ ಮೇಲಿನ ಬೀದಿಯವರ ಸಾವಿಗೆ ಬಾರಿಸುವುದಿಲ್ಲವೆಂದು ಮಾತು ತೆಗೆದುಕೊಂಡ. ಒಬ್ಬ ಬಾರಿಸಿದರೂ ಎಲ್ಲರ ಮಾತು ಮಣ್ಣುಪಾಲಾಗುತ್ತಿತ್ತು.

ಆಮೇಲೆ ಮೊದಲು ಸತ್ತವರು ದೊಡ್ಡಮನೆ ಯಜಮಾನರು. ಅವರೆದುರು ಅಪ್ಪ ಒಂದು ದಿನವೂ ಚಪ್ಪಲಿ ಮೆಟ್ಟಿ ನಿಂತವನಲ್ಲ. ನಮ್ಮ ಕೇರಿಯವರು ಯಾರೂ ನಿಂತಿರಲಿಲ್ಲ.

ಅವರಲ್ಲಿ ಹೆಣವನ್ನು ಕೂರಿಸಿಯೇ ಹೊತ್ತೊಯ್ಯುವುದು. ಮಣ್ಣು ಮಾಡುವ ತೋಟಕ್ಕೆ ನಮ್ಮ ಮನೆ ಮುಂದೆಯೇ ದಾರಿ. ತಮಟೆ ಇದ್ದಿದ್ದರೆ ದೂರದಿಂದಲೇ ತಿಳಿದು ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಅಂದು ಯಾರಿಗೂ ತಿಳಿಯಲಿಲ್ಲ. ಜಗಲಿಯಲ್ಲಿ ಈರುಳ್ಳಿ ಆರಿಸುತ್ತಿದ್ದವಳು ತಲೆ ಎತ್ತಿದೆ. ತಿರುವಿನಲ್ಲಿ ಯಜಮಾನರು ಕೂತಿದ್ದರು. ಪೇಟ ಕಟ್ಟಿಕೊಂಡು, ಹೂವಿನ ನಡುವೆ, ನಮ್ಮ ಕಡೆಗೇ ಬರುತ್ತಿದ್ದರು. ಅಷ್ಟು ಜನ ನಡೆಯುತ್ತಿದ್ದರೂ ಕಾಲಿನ ಸದ್ದು ಬಿಟ್ಟು ಬೇರೇನೂ ಇಲ್ಲ. ನಾಯಿಗಳು ಕೂಡ ಬೊಗಳಲಿಲ್ಲ.

ಹೊಲಕ್ಕೆ ಹೊರಟಿದ್ದ ಅಪ್ಪ ಅಂಗಳದಲ್ಲೇ ನಿಂತ. ಹೊತ್ತವರು ಅವನೆದುರಿಗೆ ನಿಂತರು. ಅವರು ನಿಂತ ಮೇಲೂ ಹೆಣದ ತಲೆ ಮೆಲ್ಲಗೆ ಅಲ್ಲಾಡುತ್ತಲೇ ಇತ್ತು. ಅಪ್ಪನ ಕಾಲುಗಳು, ಯಾರೋ ಗದರಿದ ಹಾಗೆ, ತಾವಾಗಿಯೇ ಚಪ್ಪಲಿಯಿಂದ ಈಚೆ ಬಂದವು.

ಯಜಮಾನರ ಮಗ ಮುಂದೆ ಬಂದ. "ತಮ್ಟೆ ತತ್ತಾ ಕಣ್ಲಾ. ನಮ್ಮಪ್ಪುನ್ನ ಇಂಗೆ ಸದ್ದಿಲ್ದಂಗೆ ಕಳ್ಸಕಾಯ್ತದಾ?"

ಅಪ್ಪ ತನ್ನ ಬರಿಗಾಲನ್ನು ನೋಡಿಕೊಂಡ. ಹೆಣದ ಕಣ್ಣೆದುರಿಗೇ ಒಂದೊಂದಾಗಿ ಚಪ್ಪಲಿ ಮೆಟ್ಟಿದ.

"ಬಾರ್ಸಕಿಲ್ಲ ಕಣಣ್ಣ" ಎಂದ. ಅಲ್ಲಿಯವರೆಗೂ ಆ ಮಗನನ್ನು 'ಬುದ್ಧಿ' ಎಂದೇ ಕರೆದವನು.

ಹೊತ್ತವರು ಹೆಗಲು ಬದಲಿಸಿದರು. ಹೆಣ ಮುಂದೆ ಹೋಯಿತು.

ಅಪ್ಪ ಒಳಗೆ ಬಂದು ಗೋಡೆಗೊರಗಿ ಕೂತ. "ಅವ್ರು ತಲೆ ಅಲ್ಲಾಡ್ಸುದ್ರಲ್ಲ ಕಣಮ್ಮಿ, ಊಂ ಅಂದ್ರಾ, ಊಹೂಂ ಅಂದ್ರಾ?"

"ಸತ್ತೋರು ಏನೂ ಅನ್ನಕಿಲ್ಲ ಕಣಪ್ಪ" ಎಂದೆ. ನನಗೂ ಗಟ್ಟಿ ನಂಬಿಕೆ ಇರಲಿಲ್ಲ.

ನೀರು ತಂದ ಅವ್ವ ತಡೆದು ನಿಂತಳು. ಸಾರಿಸಿದ ನೆಲದ ಮೇಲೆ ಅಪ್ಪ ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದ. ಒದ್ದೆಗಾಲಲ್ಲಿ ಬಂದರೂ ಬೈದು ರಂಪ ಮಾಡುವ ಅವ್ವ ಆ ಚಪ್ಪಲಿಗಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಇರ್ಲಿ ಬುಡು, ಚಪ್ಲಿ ಬುಡ್ಬ್ಯಾಡ" ಎಂದು ಚೊಂಬನ್ನು ಅವನ ಕೈಗಿಟ್ಟಳು.